ಚಾಲೆಂಜರ್ ಎತ್ತಿ ತಂದ ಕಲ್ಲುಗಳು

ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಧ್ರುವಯಾನಗಳನ್ನು ಯಾವ ಹಡಗು ಎಷ್ಟು ದಕ್ಷಿಣಕ್ಕೆ ಹೋಯಿತೆಂಬ ಲೆಕ್ಕದಿಂದ ತೂಗುವುದು ರೂಢಿಯಾಗಿದ್ದು, ಆ ತೂಕದಲ್ಲಿ 1842ರಲ್ಲಿ 78 ಡಿಗ್ರಿ ಅಕ್ಷಾಂಶವನ್ನು ದಾಟಿದ ಜೇಮ್ಸ್ ಕ್ಲಾರ್ಕ್ ರಾಸ್‌ನ ಎದುರು ಚಾಲೆಂಜರ್ ನೌಕೆ ಸಪ್ಪೆಯಾಗಿಯೇ ಕಾಣುತ್ತದೆ. 1872ರಿಂದ 1876ರವರೆಗೆ ಲೋಕದ ಕಡಲುಗಳನ್ನು ಸುತ್ತಿದ ಈ ಬ್ರಿಟಿಷ್ ನೌಕೆ 1874ರ ಫೆಬ್ರವರಿ 16ರಂದು ಅಂಟಾರ್ಕ್ಟಿಕ್ ವೃತ್ತವನ್ನು ಕೆಲವೇ ಮೈಲಿ ದಾಟಿ, ನೆಲವನ್ನೇ ಕಾಣದೆ ಹಿಂದಿರುಗಿತು. ಆದರೆ ಅಕ್ಷಾಂಶದ ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ: ಇದೇ ರಾಸ್ 1843ರಲ್ಲಿ ವೆಡೆಲ್ ಸಮುದ್ರದಲ್ಲಿ 4,000 ಫ್ಯಾದಮ್ (ಒಂದು ಫ್ಯಾದಮ್ ಎಂದರೆ ಆರು ಅಡಿ) ಹಗ್ಗ ಇಳಿಸಿಯೂ ತಳ ಸಿಗಲಿಲ್ಲವೆಂದು ಬರೆದ ಕಡೆಯಲ್ಲಿ 1904ರಲ್ಲಿ ವಿಲಿಯಂ ಬ್ರೂಸ್‌ಗೆ 2,660 ಫ್ಯಾದಮ್‌ಗೇ ತಳ ಸಿಕ್ಕಿತು.

ಚಾಲೆಂಜರ್‌ನ ಹೆಚ್ಚುಗಾರಿಕೆ ಇರುವುದು ಈ ತಳದ ವಿಷಯದಲ್ಲಿಯೇ. ಕಬ್ಬಿಣದ ಚೌಕಟ್ಟಿಗೆ ಬಲೆಯ ಚೀಲ ಕಟ್ಟಿ ಕಡಲತಳದಲ್ಲಿ ಎಳೆಯುವ ಡ್ರೆಡ್ಜ್ ಎಂಬ ಸಾಧನದಿಂದ ಮೇಲೆ ಬಂದದ್ದು ಗ್ರಾನೈಟ್, ಅಭ್ರಕದ ಶಿಲೆ, ಮರಳುಗಲ್ಲು, ಮತ್ತು ಕರಿ-ಬಿಳಿ ಪಟ್ಟೆಗಳು ಎಳೆಎಳೆಯಾಗಿ ಕಾಣುವ ನೈಸ್ ಶಿಲೆ; ಪಿರಿಯಾಪಟ್ಟಣ, ಹುಣಸೂರುಗಳ ಹೊಲದಂಚಿನ ಬಂಡೆಗಳದೂ ಬಹುಪಾಲು ಈ ನೈಸ್ ಜಾತಿಯೇ. ನಡುಗಡಲಿನ ದ್ವೀಪಗಳು ಸಾಮಾನ್ಯವಾಗಿ ಜ್ವಾಲಾಮುಖಿಯ ಕಲ್ಲಿನವಾದ್ದರಿಂದ, ಇಂಥ ಶಿಲೆಗಳನ್ನು ಹೊತ್ತು ತಂದು ಕರಗುವಾಗ ಕೆಡವಿದ ಹಿಮಗುಡ್ಡಗಳು ಒಂದು ಖಂಡದಿಂದಲೇ ಹೊರಟಿರಬೇಕೆಂದು, ಯಾನದಲ್ಲಿದ್ದ ನಿಸರ್ಗವಿಜ್ಞಾನಿ ಜಾನ್ ಮರ್ರೆ ತರ್ಕಿಸಿ, 1893ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಮುಂದೆ ಅದನ್ನು ಮಂಡಿಸಿದ.

ಖಂಡವೊಂದಿದೆ ಎಂಬಷ್ಟರ ಮಟ್ಟಿಗೆ ಈ ತರ್ಕ ಗಟ್ಟಿಯಾದುದು. ಅದರ ಅಂಚನ್ನು ನಕ್ಷೆಯಲ್ಲಿ ಎಳೆಯಹೊರಟಾಗ ಮಾತ್ರ ಅದು ಸಡಿಲವಾಗುತ್ತದೆ. ಹುಣಸೂರಿನ ಬಳಿ ಲಕ್ಷ್ಮಣತೀರ್ಥದ ಪಾತ್ರದಲ್ಲಿ ಸಿಕ್ಕ ಗುಂಡುಕಲ್ಲು ಕೊಡಗಿನ ಕಡೆಯಿಂದ ಉರುಳಿ ಬಂದಿರಬಹುದೆಂದು ಹೇಳಲು ಬರುವುದು ಹೊಳೆಯ ಹರಿವಿನ ದಿಕ್ಕು ಗೊತ್ತಿರುವುದರಿಂದ, ಆದರೆ ಗಾಳಿಗೂ ಪ್ರವಾಹಕ್ಕೂ ಸಿಕ್ಕಿ ವರ್ಷಗಟ್ಟಲೆ ಅಲೆದ ಹಿಮಗುಡ್ಡಕ್ಕೆ ಅಂಥ ಪಾತ್ರವಿಲ್ಲ, ಹೀಗಾಗಿ ಅದು ಕೆಡವಿದ ಕಲ್ಲು ತನ್ನ ಜಾತಿಯನ್ನು ಹೇಳಬಲ್ಲದೇ ಹೊರತು ತವರನ್ನಲ್ಲ.