ಗಡಿಗೆಯ ಅಂಬಲಿ, ಪ್ಯಾಕೆಟ್ಟಿನ ಅಂಬಲಿ

ಶಿರಾ ಸೀಮೆಯ ನಮ್ಮೂರಲ್ಲಿ ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಜ್ಜಿ ಎಸರಿಡುತ್ತಿದ್ದಳು. ನೀರಲ್ಲಿ ಕದಡಿದ ರಾಗಿ ಹಿಟ್ಟನ್ನು ಅದಕ್ಕೆ ಸುರಿದು, ಗಂಟಾಗದಂತೆ ತಿರುವುತ್ತ ಬೇಯಿಸಿ, ಆರಲು ಬಿಡುತ್ತಿದ್ದಳು. ಆರಿದ್ದು ಮೂಲೆಯ ಮಣ್ಣಿನ ಗಡಿಗೆಗೆ ಹೋಗುತ್ತಿತ್ತು. ಗಡಿಗೆಯ ತಳದಲ್ಲಿ ಹಿಂದಿನ ದಿನದ ಅಂಬಲಿ ಒಂದು ಸೌಟಾದರೂ ಇರಲೇಬೇಕು. ಅದನ್ನು ಯಾರಾದರೂ ಬಳಿದು ಕುಡಿದರೆ ಬೈಗುಳ ಖಂಡಿತ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಸಣ್ಣ ಸಣ್ಣ ಗುಳ್ಳೆ, ಮೂಗಿಗೆ ಹಿತವಾದ ಹುಳಿ ವಾಸನೆ. ಅದಕ್ಕೆ ಮಜ್ಜಿಗೆ, ಉಪ್ಪು, ಜಜ್ಜಿದ ಹಸಿಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ. ಹೊಲಕ್ಕೆ ಹೊರಟವರು ಚೊಂಬು ತುಂಬ ಕುಡಿದು ಹೋಗುತ್ತಿದ್ದರು.

ಈಗ ಅಂಬಲಿ ಪೇಟೆಗೆ ಬಂದಿದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ದಿಢೀರ್ ಅಂಬಲಿ ಪುಡಿ, ರಾಗಿ ಮಾಲ್ಟ್ ಎಲ್ಲ ಅಂಗಡಿಗಳಲ್ಲೂ ಕಾಣುತ್ತಿವೆ. ಅವುಗಳ ಬಗ್ಗೆ ಕೇಳಿಬರುವ ಮಾತು ಮೂರು: ಕರುಳಿಗೆ ಒಳ್ಳೆಯದು, ಉರಿಯೂತ ತಗ್ಗಿಸುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ. ಅಂಬಲಿಯ ಮೇಲೆ ನನಗೆ ಪ್ರೀತಿಯಿದೆ. ಆ ಕಾರಣಕ್ಕೇ ಈ ಹೊಗಳಿಕೆಯನ್ನು ಒರೆಗೆ ಹಚ್ಚಬೇಕೆನಿಸುತ್ತದೆ.

ಉರಿಯೂತ ಎಂದರೆ ಕೆಟ್ಟದ್ದು ಎಂದೇ ಎಲ್ಲರ ಭಾವನೆ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ ಊದಿ ಬಿಸಿಯಾಗುತ್ತದಲ್ಲ, ಅದೂ ಉರಿಯೂತವೇ. ಅದಿಲ್ಲದಿದ್ದರೆ ಗಾಯ ಮಾಯುವುದಿಲ್ಲ. ತೊಂದರೆ ಕೊಡುವುದು ಇನ್ನೊಂದು ಬಗೆಯದು, ಬೂದಿ ಮುಚ್ಚಿದ ಕೆಂಡದಂಥದ್ದು. ನೋವಿಲ್ಲ, ಜ್ವರವಿಲ್ಲ; ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಸಿಆರ್‌ಪಿಯಂಥ ಅಂಶಗಳು ಮಾತ್ರ ವರ್ಷಗಟ್ಟಲೆ ತುಸು ಮೇಲೆಯೇ ಇರುತ್ತವೆ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಇದರ ನಂಟಿದೆ. ಊಟಕ್ಕೂ ಈ ಉರಿಯೂತಕ್ಕೂ ಇರುವ ಸಂಬಂಧದಲ್ಲಿ ಕರುಳಿನ ಪಾಲು ದೊಡ್ಡದು. ಕರುಳಿನ ಒಳಗೋಡೆಯಲ್ಲಿ ಇರುವುದು ಒಂದೇ ಸಾಲು ಜೀವಕೋಶ. ಅದರ ಆಚೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು, ಈಚೆ ನಮ್ಮ ರೋಗನಿರೋಧಕ ಕೋಶಗಳ ದೊಡ್ಡ ಪಡೆ. ನಮಗೆ ಅರಗದ ನಾರನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಆ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಆಹಾರ. ನಾರು ಸಿಗದಿದ್ದರೆ ಅವೇ ಸೂಕ್ಷ್ಮಜೀವಿಗಳು ಗೋಡೆಯ ಮೇಲಿನ ಲೋಳೆಯನ್ನು ತಿನ್ನತೊಡಗುವುದು ಇಲಿಗಳಲ್ಲಿ ಕಂಡುಬಂದಿದೆ.

ಊಟ ಬದಲಾದರೆ ಇದೆಲ್ಲ ಎಷ್ಟು ಬೇಗ ಬದಲಾಗುತ್ತದೆ? 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನನ್ನು ಈಗಲೂ ಕಾಡುತ್ತದೆ. ಸ್ಟೀಫನ್ ಓಕೀಫ್ ಮತ್ತು ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್ ಕಡೆಯ 20 ಮಂದಿ ಆಫ್ರಿಕನ್ ಅಮೆರಿಕನ್ನರ ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ 20 ಮಂದಿಯ ಊಟವನ್ನು ಎರಡು ವಾರ ಅದಲು ಬದಲು ಮಾಡಿದರು. ಅಮೆರಿಕದವರ ದಿನದ ನಾರು 14 ಗ್ರಾಮಿನಿಂದ 55 ಗ್ರಾಮಿಗೆ ಏರಿತು. ಹಳ್ಳಿಯವರದು 66ರಿಂದ 12ಕ್ಕೆ ಇಳಿದು, ಅವರ ಊಟದಲ್ಲಿ ಮಾಂಸ, ಕೊಬ್ಬು ಹೆಚ್ಚಿತು. ಎರಡೇ ವಾರಕ್ಕೆ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಎರಡೂವರೆ ಪಟ್ಟಾಗಿ, ಒಳಪೊರೆಯ ಉರಿಯೂತ ತಗ್ಗಿತು. ಹಳ್ಳಿಯವರಲ್ಲಿ ಎಲ್ಲವೂ ತಿರುಗುಮುರುಗು. ಆ ಹಳ್ಳಿಯವರ ಮುಖ್ಯ ಊಟ ಮೆಕ್ಕೆಜೋಳದ ಗಂಜಿ. ಮುದ್ದೆ, ಅಂಬಲಿ ಉಂಡು ಬೆಳೆದವರಿಗೆ ಅದು ಅಪರಿಚಿತ ಊಟವಲ್ಲ.

ಆದರೆ ನಾರೊಂದೇ ಸಾಕು ಎಂದೂ ಹೇಳಲಾಗದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಮಂದಿ ಆರೋಗ್ಯವಂತರನ್ನು ಎರಡು ಗುಂಪು ಮಾಡಿ, ಹತ್ತು ವಾರ ಒಂದು ಗುಂಪಿಗೆ ನಾರಿನ ಊಟವನ್ನೂ ಇನ್ನೊಂದಕ್ಕೆ ಮೊಸರು, ಕಿಮ್ಚಿಯಂಥ ಹುಳಿ ಬಂದ ಪದಾರ್ಥಗಳನ್ನೂ ಹೆಚ್ಚಿಸಿದರು. 2021ರಲ್ಲಿ ಬಂದ ಫಲಿತಾಂಶ ಅವರಿಗೂ ಅಚ್ಚರಿಯದ್ದಾಗಿತ್ತು. ಹುಳಿ ಪದಾರ್ಥ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ಬಗೆ ಹೆಚ್ಚಿತು, ರಕ್ತದಲ್ಲಿ ಉರಿಯೂತದ 19 ಪ್ರೋಟೀನುಗಳು ಇಳಿದವು. ನಾರಿನ ಗುಂಪಿನಲ್ಲಿ ಆ 19 ಇಳಿಯಲಿಲ್ಲ. ನಾರನ್ನು ಒಡೆಯುವ ಸೂಕ್ಷ್ಮಜೀವಿಗಳೇ ಕಡಿಮೆಯಾಗಿರುವ ಕರುಳಿಗೆ ಬರೀ ನಾರು ತುಂಬಿದರೆ ಕೆಲಸ ನಡೆಯದಿರಬಹುದು ಎಂಬುದು ಒಂದು ವಿವರಣೆ. ಪ್ರಯೋಗ ಚಿಕ್ಕದು, ಅವರು ಅಂಬಲಿಯನ್ನು ಪರೀಕ್ಷಿಸಿಲ್ಲ. ಆದರೂ ನಾರು ಮತ್ತು ಹುಳಿ ಎರಡೂ ಒಂದೇ ಚೊಂಬಿನಲ್ಲಿರುವ ಪದಾರ್ಥ ನಮ್ಮ ಮೂಲೆಯ ಗಡಿಗೆಯಲ್ಲಿತ್ತು ಎನ್ನುವುದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

ಪ್ಯಾಕೆಟ್ಟಿನ ಅಂಬಲಿ ಸೋಲುವುದು ಇಲ್ಲಿಯೇ. ಅಜ್ಜಿ ಬೇಯಿಸಿದ ಮೇಲೆ ಹುಳಿ ಬರಿಸುತ್ತಿದ್ದಳು, ತಣ್ಣಗಿದ್ದಾಗಲೇ ಮಜ್ಜಿಗೆ ಬೆರೆಸುತ್ತಿದ್ದಳು. ಹಾಗಾಗಿ ಬಾಯಿಗೆ ಬರುವಾಗ ಅದರಲ್ಲಿ ಜೀವ ಇರುತ್ತಿತ್ತು. ಇಡ್ಲಿ, ದೋಸೆಯ ಹಿಟ್ಟೂ ಹುಳಿ ಬರುತ್ತದೆ, ಆದರೆ ಆಮೇಲೆ ಬೇಯುತ್ತದೆ. ಹುಳಿ ಬಂದದ್ದರಿಂದ ಇಡ್ಲಿ ಸುಲಭವಾಗಿ ಅರಗುತ್ತದೆ ನಿಜ, ಜೀವಂತ ಸೂಕ್ಷ್ಮಜೀವಿ ಮಾತ್ರ ಅದರಲ್ಲಿಲ್ಲ. ಮಜ್ಜಿಗೆ ಹುಳಿಯ ಕಥೆಯೂ ಅಷ್ಟೇ. ತಿಂಗಳುಗಟ್ಟಲೆ ಫ್ರಿಜ್ಜಿನ ಹೊರಗಿಟ್ಟರೂ ಕೆಡದ ಡಬ್ಬಿ ಮಜ್ಜಿಗೆಯನ್ನೂ ಕಾಯಿಸಿಯೇ ತುಂಬಿರುತ್ತಾರೆ. ದಿಢೀರ್ ಪುಡಿಯಲ್ಲಿ ಹುರಿದ ಹಿಟ್ಟಿಗೆ ಹಾಲಿನ ಪುಡಿ, ಸಕ್ಕರೆ ಸೇರಿ, ಬಿಸಿ ನೀರು ಬಿದ್ದರೆ ಮುಗಿಯಿತು. ಗಡಿಗೆ ಹನ್ನೆರಡು ತಾಸು ಮಾಡುತ್ತಿದ್ದ ಕೆಲಸ ಅಲ್ಲಿ ನಡೆದೇ ಇಲ್ಲ. ಹೆಸರು ಉಳಿದಿದೆ, ಪದಾರ್ಥ ಬೇರೆಯಾಗಿದೆ.

ಗಡಿಗೆಯ ಅಂಬಲಿಗೂ ಮಿತಿಯಿದೆ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ರಕ್ತದ ಸಕ್ಕರೆಯನ್ನು ಬೇಗನೆ ಏರಿಸಬಲ್ಲದು. ಸಕ್ಕರೆ ಕಾಯಿಲೆಯವರು ಅದನ್ನು ಔಷಧವೆಂದು ಲೋಟಗಟ್ಟಲೆ ಕುಡಿಯುವುದು ತಪ್ಪು. ನೂರು ಗ್ರಾಂ ರಾಗಿಯಲ್ಲಿ ನಾರು 11 ಗ್ರಾಮಿನಷ್ಟು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಆದರೆ ಒಂದು ಲೋಟ ಅಂಬಲಿಗೆ ಬೀಳುವ ಹಿಟ್ಟು ಎರಡು ಮೂರು ಚಮಚ. ಅಷ್ಟರಿಂದಲೇ ಕರುಳು ತಣಿಯುವುದಿಲ್ಲ. ಬೇಸಿಗೆಯಲ್ಲಿ ಸರಿಯಾಗಿ ಹುಳಿ ಬಾರದೆ ಹಳಸಿದ್ದನ್ನು ಕುಡಿದರೆ ಹೊಟ್ಟೆ ಕೆಡುವುದೂ ಉಂಟು. ಕೀಮೋಥೆರಪಿ ಪಡೆಯುತ್ತಿರುವವರು ಇಂಥ ಜೀವಂತ ಸೂಕ್ಷ್ಮಜೀವಿಗಳಿರುವ ಪದಾರ್ಥವನ್ನು ವೈದ್ಯರನ್ನು ಕೇಳದೆ ಕುಡಿಯಬಾರದು.

ಅಂಬಲಿಯ ಹೊಗಳಿಕೆಯಲ್ಲಿ ಬಿಟ್ಟುಹೋಗುವುದು ಅದರ ಜೊತೆಗಿದ್ದ ಊಟ. ಬೆಳಿಗ್ಗೆ ಅಂಬಲಿ ಕುಡಿದವರು ಮಧ್ಯಾಹ್ನ ಮುದ್ದೆಯ ಜೊತೆ ಉಣ್ಣುತ್ತಿದ್ದದ್ದು ಬೆರಕೆ ಸೊಪ್ಪಿನ ಸಾರು, ಹುರುಳಿ ಬಸ್ಸಾರು, ಅವರೆ, ಅಲಸಂದೆ. ಬೆರಕೆ ಎಂದರೆ ಹೊಲದ ಬದುವಿನಲ್ಲಿ ಆ ಹೊತ್ತಿಗೆ ಸಿಕ್ಕ ಸೊಪ್ಪುಗಳೆಲ್ಲ: ಅಣ್ಣೆ, ಗೋಣಿ, ಕಿರಕಸಾಲೆ, ಹೊನಗೊನ್ನೆ. ಒಂದು ಮಡಿಲಲ್ಲಿ ಏಳೆಂಟು ಬಗೆ. ಒಂದೊಂದು ಬಗೆಯ ನಾರನ್ನು ಒಂದೊಂದು ಬಗೆಯ ಸೂಕ್ಷ್ಮಜೀವಿ ತಿನ್ನುತ್ತದೆ. ಊಟದಲ್ಲಿ ಬಗೆ ಹೆಚ್ಚಿದಷ್ಟೂ ಕರುಳಿನಲ್ಲಿ ಬಗೆ ಹೆಚ್ಚಲು ಅವಕಾಶ. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಡಿಲು ತುಂಬ ಸೊಪ್ಪು ತರುತ್ತಿದ್ದವರ ಮನೆಯಲ್ಲಿ ಸುಗ್ಗಿಯ ಕಾಲಕ್ಕಾದರೂ ಅದು ಕಷ್ಟವಿರಲಿಲ್ಲ. ಉಪ್ಪು ಮಾತ್ರ ಅತಿಯಾಗಿತ್ತು. ದಿನಕ್ಕೆ 5 ಗ್ರಾಂ ಎಂಬ ಅದೇ ಸಂಸ್ಥೆಯ ಮಿತಿಯನ್ನು ನಮ್ಮ ಉಪ್ಪಿನಕಾಯಿ, ಉಪ್ಸಾರಿನ ಖಾರ ಎಂದೋ ದಾಟಿರುತ್ತವೆ.

ರೋಗನಿರೋಧಕ ಶಕ್ತಿಯ ಮಾತಿಗೆ ಬಂದರೆ ನನ್ನ ತಕರಾರು ಜೋರಾಗಿಯೇ ಇದೆ. 2020ರಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. ಗಂಟಲಿಗೆ ಹಿತವಾಗಿತ್ತು, ಭಯದ ದಿನಗಳಲ್ಲಿ ಮನಸ್ಸಿಗೂ ಆಸರೆಯಾಯಿತು. ಆದರೆ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಂದಿನಿಂದ ಗಟ್ಟಿಯಾಗಿ ಕೂತಿತು. ಅದೇ ವರ್ಷ ಜೂನ್‌ನಲ್ಲಿ, ಆಮ್ಲಜನಕ ಹಚ್ಚಿಕೊಂಡು ಮಲಗಿದ ಕೋವಿಡ್ ರೋಗಿಗಳ ಸಾವನ್ನು ಡೆಕ್ಸಾಮೆಥಸೋನ್ ತಗ್ಗಿಸುತ್ತದೆಂದು ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು. ಆ ಔಷಧ ಮಾಡುವುದು ರೋಗನಿರೋಧಕ ವ್ಯವಸ್ಥೆಯನ್ನು ಅಡಗಿಸುವ ಕೆಲಸ. ಅವರ ಶ್ವಾಸಕೋಶವನ್ನು ಸುಡುತ್ತಿದ್ದದ್ದು ಅಂಕೆ ಮೀರಿದ ಉರಿಯೂತ. ಈ ವ್ಯವಸ್ಥೆಗೆ ಬೇಕಾದದ್ದು ಹದ.

ಉರಿಯೂತ ತಗ್ಗಿಸುತ್ತದೆಂದು ಹೊಗಳಿಸಿಕೊಳ್ಳುವ ಅರಿಸಿನದ ವಿಚಾರವನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಕರಿಮೆಣಸಿನ ಪೈಪರೀನ್ ಜೊತೆಗಿದ್ದರೆ ಅರಿಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು 20 ಪಟ್ಟು ಹೆಚ್ಚುತ್ತದೆ ಎಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಹೆಮ್ಮೆಯ ಸಂಗತಿ. ಅವರು ಜನರಿಗೆ ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್. ಅರಿಸಿನದಲ್ಲಿ ಅದು ಇರುವುದೇ ನೂರಕ್ಕೆ ಮೂರರ ಆಸುಪಾಸು. ಅಂದರೆ 60 ಗ್ರಾಮಿಗೂ ಮೀರಿ ಅರಿಸಿನ ಬೇಕು. ಸಾರಿಗೆ ಹಾಕುವ ಚಿಟಿಕೆಯ ಮೇಲೆ ಅಷ್ಟು ಭಾರ ಹೊರಿಸುವುದು ನ್ಯಾಯವಲ್ಲ. ಆ ಕೊರತೆ ತುಂಬಲು ಗುಳಿಗೆ ನುಂಗಿದವರಲ್ಲಿ ಕೆಲವರ ಯಕೃತ್ತು ಕೆಟ್ಟ ವರದಿಗಳೂ ಇವೆ.

ನಾನೀಗ ಬೆಂಗಳೂರಿನ ಮನೆಯಲ್ಲಿ ಅಂಬಲಿ ಇಡುತ್ತೇನೆ. ಡಿಸೆಂಬರಿನ ಚಳಿಗೆ ಹುಳಿ ಬರಲು ಒಂದೂವರೆ ದಿನ ಹಿಡಿಯಿತು. ಅದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕಷ್ಟವಾದದ್ದು ಬೆರಕೆ ಸೊಪ್ಪು. ಭಾನುವಾರ ಮಾರುಕಟ್ಟೆಯ ಕೊನೆಯಲ್ಲಿ ಗೋಣಿಚೀಲ ಹಾಸಿ ಕೂರುವ ಒಬ್ಬ ಅಜ್ಜಿಯ ಬಳಿ ಮಾತ್ರ ಅದು ಸಿಗುತ್ತದೆ. ಹೋದ ವಾರ ಅವಳ ಮುಂದಿದ್ದದ್ದು ದಂಟು, ಮೆಂತ್ಯ, ಸಬ್ಬಸಿಗೆ ಮೂರೇ.

“ಅಣ್ಣೆ ಸೊಪ್ಪಿಲ್ವಾ ಅಜ್ಜಿ?”

“ಎಲ್ಲಿಂದ ತರ್ಲಪ್ಪ. ಹೊಲಕ್ಕೆಲ್ಲ ಕಳೆ ಔಷ್ದಿ ಹೊಡ್ದವ್ರೆ.”