ನಿಲ್ಲಿಸಿದರೆ ಏನೆಲ್ಲ ನಿಲ್ಲುತ್ತದೆ?

ರಾಸ್‌ಬೆರಿ ಪೈ ಪಿಕೊ ಬೋರ್ಡಿನ ಒಂದು ತುದಿಯಲ್ಲಿ, ಯುಎಸ್‌ಬಿಯ ಎದುರು ಬದಿಗೆ, ಡಿಬಗ್ ಮಾಡಲೆಂದು ಮೂರೇ ಮೂರು ರಂಧ್ರಗಳಿವೆ. ಎರಡು ಬದಿಯ ನಲವತ್ತು ಪಿನ್ನುಗಳಿಗೆ ಶ್ರದ್ಧೆಯಿಂದ ಬೆಸುಗೆ ಹಾಕುವವರು ಈ ಮೂರನ್ನು ಮಾತ್ರ ಹಾಗೇ ಬಿಟ್ಟುಬಿಡುತ್ತಾರೆ. ಆಮೇಲೆ ಪ್ರೋಗ್ರಾಂ ಬದಲಿಸಿದಾಗಲೆಲ್ಲ ಕೇಬಲ್ ಕೀಳುವುದು, ಬಟನ್ ಒತ್ತಿ ಹಿಡಿದು ಮತ್ತೆ ಚುಚ್ಚುವುದು, ಫೈಲ್ ಎಳೆದು ಹಾಕುವುದು. ತಪ್ಪು ಹುಡುಕಲು ಅಲ್ಲೊಂದು ಪ್ರಿಂಟ್‌ಎಫ್, ಇಲ್ಲೊಂದು ಪ್ರಿಂಟ್‌ಎಫ್. ಅಕ್ಷರ ಕಳಿಸುವುದಕ್ಕೂ ಸಮಯ ಬೇಕಲ್ಲ, ಹಾಗಾಗಿ ಪ್ರಿಂಟ್‌ಎಫ್ ಸೇರಿಸಿದ ಕೂಡಲೇ ಮಾಯವಾಗುವ ದೋಷಗಳೂ ಉಂಟು. ತೆಗೆದರೆ ಮತ್ತೆ ಹಾಜರ್.

ಹೊಸ ಬೋರ್ಡ್ ಕೈಗೆ ಬಂದಾಗ ಎಲ್‌ಇಡಿ ಮಿನುಗಿಸುವ ಮೊದಲೇ ಆ ಮೂರು ಪಿನ್ನುಗಳಿಗೆ ತಂತಿ ಎಳೆಯಬೇಕು ಎಂಬುದು ನನ್ನ ಹಟ. ಇದಕ್ಕೆಂದೇ 2023ರಲ್ಲಿ ಬಂದ ಡಿಬಗ್ ಪ್ರೋಬ್ ಅಚ್ಚುಕಟ್ಟಾಗಿದೆ, ಬೇಡ ಎನ್ನಲಾರೆ. ಆದರೆ ಇನ್ನೊಂದು ಪಿಕೊ ಇದ್ದರೆ ಅದೂ ಸಾಕು. ಡಿಬಗ್‌ಪ್ರೋಬ್ ಫರ್ಮ್‌ವೇರ್ ತುಂಬಿದರೆ ಅದೇ ಪ್ರೋಬ್ ಆಗುತ್ತದೆ. ಅದರ ಜಿಪಿ2ರಿಂದ ಹೊಸ ಬೋರ್ಡಿನ ಎಸ್‌ಡಬ್ಲ್ಯುಸಿಎಲ್‌ಕೆಗೆ, ಜಿಪಿ3ರಿಂದ ಎಸ್‌ಡಬ್ಲ್ಯುಡಿಐಒಗೆ, ಗ್ರೌಂಡಿನಿಂದ ಗ್ರೌಂಡಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಜಂಪರ್ ತಂತಿ ಧಾರಾಳವಾಯಿತು, ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಎರಡೂ ಬೋರ್ಡಿಗೆ ಬೇರೆ ಬೇರೆ ಯುಎಸ್‌ಬಿ ಕೊಟ್ಟಿದ್ದೇವಲ್ಲ ಎಂದು ಗ್ರೌಂಡ್ ತಂತಿ ಬಿಡುವವರಿದ್ದಾರೆ. ಕಂಪ್ಯೂಟರಿನ ಮೂಲಕ ಸುತ್ತಿ ಬರುವ ಗ್ರೌಂಡ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಕೈಕೊಡುತ್ತದೆ. ನಂಬಬೇಡಿ.

ಕಂಪ್ಯೂಟರಿನಲ್ಲಿ ಬೇಕಾದದ್ದು ಇಬ್ಬರು ಹಳಬರು. ಡಿಬಗ್ಗರ್ ಆದ ಜಿಡಿಬಿಯನ್ನು ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದರು. ಓಪನ್‌ಓಸಿಡಿ ಶುರುವಾದದ್ದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೊಮಿನಿಕ್ ರಾತ್ ಎಂಬ ವಿದ್ಯಾರ್ಥಿಯ ಪ್ರಬಂಧದ ಕೆಲಸವಾಗಿ. ಪ್ರೋಬಿನ ಜೊತೆ ಮಾತಾಡುವುದು ಓಪನ್‌ಓಸಿಡಿ. ಅದು 3333ನೇ ಪೋರ್ಟಿನಲ್ಲಿ ಕಾದಿರುತ್ತದೆ, ಜಿಡಿಬಿ ಅಲ್ಲಿಗೆ ಹೋಗಿ ಕೂಡಿಕೊಳ್ಳುತ್ತದೆ. ವಿಎಸ್ ಕೋಡ್‌ನ ಬಣ್ಣದ ಗುಂಡಿಗಳ ಹಿಂದೆಯೂ ದುಡಿಯುವವರು ಇವರೇ. ಪ್ರೋಗ್ರಾಂ ಮಾತ್ರ ಡಿಬಗ್ ಬಿಲ್ಡ್ ಆಗಿರಲಿ. ಕಂಪೈಲರ್ ಚುರುಕುಗೊಳಿಸಿದ ಕೋಡಿನಲ್ಲಿ ನೀವು ಹುಡುಕುವ ವೇರಿಯಬಲ್ಲೇ ಇರುವುದಿಲ್ಲ, ಒಂದೊಂದೇ ಸಾಲು ಮುಂದೆ ಹೋಗೋಣವೆಂದರೆ ಬಾಣ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ.

ಬ್ರೇಕ್‌ಪಾಯಿಂಟ್ ವಿಷಯದಲ್ಲಿ ಜಿಪುಣತನ ಕಲಿಯಬೇಕಾಗುತ್ತದೆ. ಪ್ರೋಗ್ರಾಂ ಫ್ಲ್ಯಾಶ್‌ನಲ್ಲಿರುವುದರಿಂದ ಬೇಕಾದಲ್ಲಿ ಸೂಚನೆಯನ್ನು ತಿದ್ದಿ ನಿಲ್ಲಿಸುವ ಸೌಕರ್ಯ ಇಲ್ಲಿಲ್ಲ. ವಿಳಾಸ ಹೋಲಿಸಿ ನೋಡುವ ಸರ್ಕ್ಯೂಟು ಚಿಪ್ಪಿನೊಳಗೇ ಇರಬೇಕು. ಪಿಕೊದ ಆರ್‌ಪಿ2040ರಲ್ಲಿ ಒಂದೊಂದು ಕೋರ್‌ಗೆ ಅಂಥವು ನಾಲ್ಕು, ಬ್ಲೂ ಪಿಲ್ ಬೋರ್ಡಿನ ಎಸ್‌ಟಿಎಂ32 ಚಿಪ್ಪಿನ ಕಾರ್ಟೆಕ್ಸ್ ಎಂ3ರಲ್ಲಿ ಆರು. ಐದನೆಯದು ಇಡುವ ಮುನ್ನ ಯಾವುದನ್ನು ತೆಗೆಯಲಿ ಎಂದು ಯೋಚಿಸುವಷ್ಟರಲ್ಲಿ ಅರ್ಧ ದೋಷ ಸಿಕ್ಕಿರುತ್ತದೆ.

ನಿಜವಾದ ರುಚಿ ಇರುವುದು ಮುಂದೆ. ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲುವುದು ಪ್ರೊಸೆಸರ್. ಉಳಿದವು? ಆರ್‌ಪಿ2040ರ ಟೈಮರ್, ನಾವು ಬೇರೆ ಹೇಳದಿದ್ದರೆ, ಎರಡರಲ್ಲಿ ಯಾವ ಕೋರ್ ನಿಂತರೂ ತಾನೂ ನಿಲ್ಲುತ್ತದೆ. ಸೌಜನ್ಯವೇ, ಆದರೆ ಅದರಿಂದಲೇ ಒಂದು ವಿಚಿತ್ರ. ಸೊನ್ನೆಯ ಕೋರನ್ನಷ್ಟೇ ಓಡಲು ಬಿಟ್ಟು ಒಂದನೆಯದು ನಿಂತೇ ಇದ್ದರೆ, ಸ್ಲೀಪ್ ಎಂದು ಮಲಗಿದ ಪ್ರೋಗ್ರಾಂ ಏಳುವುದೇ ಇಲ್ಲ. ಗಡಿಯಾರವೇ ನಿಂತಿದೆ, ಎಬ್ಬಿಸುವವರಾರು? ಕೋಡನ್ನು ಎಷ್ಟು ಸಲ ಓದಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ತಪ್ಪು ಕೋಡಿನಲ್ಲಿಲ್ಲ. ಓಪನ್‌ಓಸಿಡಿಗೆ ಸೊನ್ನೆಯ ಕೋರ್ ಒಂದನ್ನೇ ನೋಡಿಕೋ ಎನ್ನಬೇಕು, ಇಲ್ಲವೇ ಟೈಮರಿನ ಡಿಬಿಜಿಪಾಸ್ ರಿಜಿಸ್ಟರಿಗೆ ಸೊನ್ನೆ ಬರೆಯಬೇಕು.

ಎಸ್‌ಟಿಎಂ32 ಬಳಗದ ಸ್ವಭಾವ ತದ್ವಿರುದ್ಧ. ಅಲ್ಲಿ ಕೋರ್ ನಿಂತರೂ ಟೈಮರುಗಳು ಎಣಿಸುತ್ತಲೇ ಇರುತ್ತವೆ, ಯಾವುದು ನಿಲ್ಲಬೇಕೆಂದು ಡಿಬಿಜಿಎಂಸಿಯು ರಿಜಿಸ್ಟರಿನಲ್ಲಿ ಒಂದೊಂದಾಗಿ ಬಿಟ್ ಏರಿಸಬೇಕು. ವಾಚ್‌ಡಾಗ್‌ಗೆ ಆ ಮಾತು ಹೇಳಲು ಮರೆತರೆ, ನೀವು ವೇರಿಯಬಲ್ ನೋಡುತ್ತಿರುವಾಗಲೇ ಅದು ಚಿಪ್ಪನ್ನು ರೀಸೆಟ್ ಮಾಡಿಬಿಡುತ್ತದೆ. ನನಗೆ ಈ ಕ್ರಮವೇ ಹಿಡಿಸುತ್ತದೆ. ಕೇಳದೆ ಉಪಕಾರ ಮಾಡುವ ಚಿಪ್ಪಿಗಿಂತ ಕೇಳಿದ್ದನ್ನಷ್ಟೇ ಮಾಡುವ ಚಿಪ್ಪು ಮೇಲು.

ಇನ್ನು ಪಿಡಬ್ಲ್ಯುಎಂ. ಪಿಕೊದಲ್ಲಿ ಕೋರ್ ನಿಂತರೂ ಅದು ತನ್ನ ಪಾಡಿಗೆ ನಾಡಿ ಬಡಿಯುತ್ತಿರುತ್ತದೆ. ಹಾಗಾಗಿ ಮೋಟಾರು ನೀವು ನಿಲ್ಲಿಸಿದ ಗಳಿಗೆಯ ವೇಗದಲ್ಲೇ ಸುತ್ತುತ್ತದೆ, ಹೀಟರ್ ಕಾಯುತ್ತಲೇ ಹೋಗುತ್ತದೆ. ಉಷ್ಣತೆ ನೋಡಿ ಆಫ್ ಮಾಡಬೇಕಾದ ಕೋಡು ನಿಮ್ಮ ಬೆರಳಿಗಾಗಿ ಕಾದು ಕುಳಿತಿರುತ್ತದೆ. ಡಿಬಗ್ ಮಾಡುವ ಹೊತ್ತಿನಲ್ಲಿ ಮೋಟಾರಿನ, ಹೀಟರಿನ ಪವರ್ ಸಪ್ಲೈ ಕಳಚಿಡಿ. ಅವುಗಳ ಜಾಗದಲ್ಲಿ ರೆಸಿಸ್ಟರಿನ ಜೊತೆಗೊಂದು ಎಲ್‌ಇಡಿ ಸಿಕ್ಕಿಸಿದರೆ ಪಿಡಬ್ಲ್ಯುಎಂ ಹೆಚ್ಚುಕಮ್ಮಿಯಾಗುವುದು ಬೆಳಕಿನಲ್ಲೇ ಕಾಣುತ್ತದೆ.