ಪತ್ರಗಳ ಕಟ್ಟು ಮತ್ತು ಸಂಪಾದಕರ ಉತ್ತರ: ಅಬ್ರಹಾಂ ಕಾಹನ್ ಅವರ ವಲಸೆಯ ಬರವಣಿಗೆ

1880ರ ದಶಕದಿಂದ 1924ರವರೆಗೆ ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ವಲಸೆ ಹೋದ ಯೆಹೂದಿಗಳ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರುತ್ತದೆ. ಅವರಲ್ಲಿ ಬಹಳಷ್ಟು ಮಂದಿ ಮೊದಲು ಬಿಡಾರ ಹೂಡಿದ್ದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ. ಗಾಳಿ ಬೆಳಕಿಲ್ಲದ ಅಲ್ಲಿನ ವಠಾರಗಳ ಬದುಕನ್ನು ಕುರಿತು ಬರೆದವರು ಹಲವರಿದ್ದಾರೆ. ಡೆನ್ಮಾರ್ಕಿನಿಂದ ಬಂದು ಪೊಲೀಸ್ ವರದಿಗಾರರಾಗಿದ್ದ ಜೇಕಬ್ ರೀಸ್ 1890ರಲ್ಲಿ ಪ್ರಕಟಿಸಿದ ಪುಸ್ತಕ ಈ ವಠಾರಗಳ ಛಾಯಾಚಿತ್ರಗಳಿಂದ ಅಮೆರಿಕದ ಮಧ್ಯಮವರ್ಗವನ್ನು ಬೆಚ್ಚಿಬೀಳಿಸಿತು. ಆದರೆ ಆ ಪುಸ್ತಕದಲ್ಲಿ ವಲಸಿಗರು ನೋಡಲ್ಪಡುವವರೇ ಹೊರತು ಓದುವವರಲ್ಲ, ಮತ್ತು ಒಂದೊಂದು ಜನಾಂಗಕ್ಕೂ ಒಂದೊಂದು ಸ್ವಭಾವವನ್ನು ಅಂಟಿಸುವ ಅದರ ರೀತಿ ಇಂದಿನ ಓದುಗರಿಗೆ ಮುಜುಗರ ತರುತ್ತದೆ. ಅದೇ ಬೀದಿಗಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವರದಿ ಮಾಡಿದ ಅಬ್ರಹಾಂ ಕಾಹನ್ ಅವರ ವೈಶಿಷ್ಟ್ಯವಿರುವುದು ಅವರು ಎರಡು ಬಗೆಯ ಓದುಗರಿಗೆ ಬರೆದರೆಂಬುದರಲ್ಲಿ: ವಲಸಿಗರನ್ನು ಅರಿಯದ ಇಂಗ್ಲಿಷ್ ಓದುಗರಿಗೆ, ಮತ್ತು ಅಮೆರಿಕವನ್ನು ಅರಿಯದ ವಲಸಿಗರಿಗೆ. ಈ ಎರಡನೆಯ ಕೆಲಸವೇ ಅವರ ಹಿರಿಯ ಸಾಧನೆ. ಅವರ ಮಿತಿ ಎದ್ದು ಕಾಣುವುದೂ ಅಲ್ಲಿಯೇ.

ಕಾಹನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಲಿಥುವೇನಿಯಾದ ವಿಲ್ನಾ ನಗರದ ಬಳಿಯ ಹಳ್ಳಿಯೊಂದರಲ್ಲಿ. ವಿಲ್ನಾದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಓದುವಾಗಲೇ ಕ್ರಾಂತಿಕಾರಿಗಳ ನಂಟು ಬೆಳೆಸಿಕೊಂಡಿದ್ದ ಅವರು, 1881ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಹತ್ಯೆಯಾದ ಮೇಲೆ ಪೊಲೀಸರ ಕಣ್ಣಿಗೆ ಬಿದ್ದು, ದೇಶ ಬಿಟ್ಟು 1882ರಲ್ಲಿ ಅಮೆರಿಕ ತಲುಪಿದರು. ಕಾರ್ಖಾನೆಗಳಲ್ಲಿ ದುಡಿದರು, ಇಂಗ್ಲಿಷ್ ಕಲಿತರು, ಕಲಿತದ್ದನ್ನು ಸಂಜೆಶಾಲೆಗಳಲ್ಲಿ ಇತರ ವಲಸಿಗರಿಗೆ ಕಲಿಸಿದರು. ಪೂರ್ವ ಯುರೋಪಿನ ಯೆಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲಿ ಸಮಾಜವಾದವನ್ನು ಕುರಿತು ಭಾಷಣ ಮಾಡಲು ತೊಡಗಿದ್ದು ಬಂದ ವರ್ಷವೇ. ಶಿಕ್ಷಕನ ತಾಳ್ಮೆಯೂ ಪ್ರಚಾರಕನ ಖಚಿತತೆಯೂ ಅವರ ಬರವಣಿಗೆಯಲ್ಲಿ ಕೊನೆಯವರೆಗೂ ಒಂದರ ಪಕ್ಕದಲ್ಲಿ ಇನ್ನೊಂದು ಉಳಿದುಬಂದವು, ಮತ್ತು ಎರಡಕ್ಕೂ ಸದಾ ಹೊಂದಾಣಿಕೆಯಿತ್ತೆಂದು ಹೇಳಲಾಗದು.

1897ರಿಂದ ಸುಮಾರು ನಾಲ್ಕು ವರ್ಷ ಅವರು 'ಕಮರ್ಷಿಯಲ್ ಅಡ್ವರ್ಟೈಸರ್' ಎಂಬ ಇಂಗ್ಲಿಷ್ ದಿನಪತ್ರಿಕೆಯಲ್ಲಿ ವರದಿಗಾರರಾಗಿದ್ದರು. ಅಲ್ಲಿ ನಗರ ಸುದ್ದಿಯ ಸಂಪಾದಕರಾಗಿದ್ದ ಲಿಂಕನ್ ಸ್ಟೆಫೆನ್ಸ್ ಅವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ: ಗಂಡನೊಬ್ಬ ಹೆಂಡತಿಯನ್ನು ಕೊಂದ ಸುದ್ದಿ ಬಂದಾಗ ಅವರು ಕಾಹನ್ ಅವರನ್ನು ಕರೆದು, ಮದುವೆಯಾಗುವಷ್ಟು ಪ್ರೀತಿಸಿದ್ದವನು ಕೊಲ್ಲುವಷ್ಟು ದ್ವೇಷಿಸಲು ನಡುವೆ ನಡೆದದ್ದೇನು ಎಂಬುದನ್ನು ಕಂಡುಕೊಂಡು ಬರಲು ಹೇಳಿದರು. ಘಟನೆಯ ಹಿಂದಿನ ವರ್ಷಗಳನ್ನು ಅಗೆಯುವ ಈ ಕ್ರಮ ಕಾಹನ್ ಅವರಿಗೆ ಹೇಳಿ ಮಾಡಿಸಿದಂತಿತ್ತು. 1897ರ ಜೂನ್‌ನಲ್ಲಿ ಎಲ್ಲಿಸ್ ದ್ವೀಪದ ವಲಸೆ ಕಟ್ಟಡ ಬೆಂಕಿಗೆ ಆಹುತಿಯಾದ ಮೇಲೆ ಹಡಗಿನಿಂದ ಇಳಿದವರ ತಪಾಸಣೆ ಮ್ಯಾನ್‌ಹಟನ್ ತುದಿಯ ಬಾರ್ಜ್ ಆಫೀಸಿನಲ್ಲಿ ನಡೆಯುತ್ತಿತ್ತು. ಕಾಹನ್ ಅಲ್ಲಿಂದ ಬರೆದ ವರದಿಗಳಲ್ಲಿ ಅಧಿಕಾರಿಗಳ ಅಂಕಿಅಂಶಕ್ಕಿಂತ, ಕರೆದೊಯ್ಯುವ ಬಂಧು ಬರುವನೋ ಇಲ್ಲವೋ ಎಂದು ಕಾದು ಕುಳಿತವರ ಮಾತು, ಸಂಕೋಚ, ಅನುಮಾನಗಳಿಗೆ ಹೆಚ್ಚು ಜಾಗವಿದೆ. ಯೆಹೂದಿಗಳಲ್ಲದ ಬೇರೆ ಬೇರೆ ದೇಶದವರ ಬಗೆಗೂ ಅದೇ ಕುತೂಹಲದಿಂದ ಬರೆದದ್ದು ಅವರ ದೃಷ್ಟಿಯ ವಿಸ್ತಾರಕ್ಕೆ ಸಾಕ್ಷಿ. ಇಷ್ಟಾದರೂ ಈ ವರದಿಗಳು ಪರಿಚಯಿಸುವ ಬರಹಗಳಾಗಿಯೇ ಉಳಿಯುತ್ತವೆ. ಬಾಗಿಲ ಹೊರಗೆ ನಿಂತ ಸಹೃದಯ ಓದುಗನೊಬ್ಬನಿಗೆ ಒಳಮನೆಯನ್ನು ತೋರಿಸುವ ಸೌಜನ್ಯ ಅವುಗಳ ಗುಣ; ಒಳಮನೆಯವರ ಜೊತೆ ಜಗಳವಾಡುವ ಸಲಿಗೆ ಅವುಗಳಲ್ಲಿಲ್ಲ.

ಆ ಸಲಿಗೆ ಸಿಕ್ಕಿದ್ದು ಯಿಡ್ಡಿಷ್ ದಿನಪತ್ರಿಕೆ 'ಫಾರ್ವರ್ಟ್ಸ್'ನಲ್ಲಿ. 1897ರಲ್ಲಿ ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದ ಕಾಹನ್ ಕೆಲವೇ ತಿಂಗಳಲ್ಲಿ ಭಿನ್ನಾಭಿಪ್ರಾಯದಿಂದ ಹೊರನಡೆದಿದ್ದರು. 1903ರಲ್ಲಿ ಮರಳಿ ಬಂದು ಚುಕ್ಕಾಣಿ ಹಿಡಿದವರು ನಾಲ್ಕು ದಶಕಗಳಿಗೂ ಮಿಕ್ಕಿ ಅದನ್ನು ಬಿಡಲಿಲ್ಲ. ಸಿದ್ಧಾಂತ ಚರ್ಚೆಯಿಂದ ಬಿಗಿದುಕೊಂಡಿದ್ದ ಸಮಾಜವಾದಿ ಪತ್ರಿಕೆಯನ್ನು ಅವರು ಹೊಲಿಗೆ ಕಾರ್ಖಾನೆಯ ಕೆಲಸಗಾರನೂ ಅವನ ಹೆಂಡತಿಯೂ ಓದಬಲ್ಲ ಭಾಷೆಗೆ ಇಳಿಸಿದರು. ಬೀದಿಯ ಮಾತಿನಲ್ಲಿ ಬೆರೆತುಹೋಗಿದ್ದ ಇಂಗ್ಲಿಷ್ ಪದಗಳನ್ನು ಮುಲಾಜಿಲ್ಲದೆ ಒಳಬಿಟ್ಟುಕೊಂಡರು. ಮಕ್ಕಳ ಕೈಗೆ ಕರವಸ್ತ್ರ ಕೊಟ್ಟು ಕಳುಹಿಸಿರೆಂದು ತಾಯಂದಿರಿಗೆ ಸಂಪಾದಕೀಯದಲ್ಲಿ ಹೇಳಿದಾಗ, ಇದಕ್ಕೂ ಸಮಾಜವಾದಕ್ಕೂ ಏನು ಸಂಬಂಧವೆಂದು ಸಂಗಾತಿಗಳು ಕೆರಳಿದರು. ಸ್ವಚ್ಛವಾದ ಮೂಗಿಗೆ ಸಮಾಜವಾದ ಯಾವಾಗಿನಿಂದ ವಿರೋಧಿಯಾಯಿತೆಂದು ಅವರು ತಿರುಗಿ ಕೇಳಿದರು. ಬೇಸ್‌ಬಾಲ್ ಎಂಬ ಹುಚ್ಚಾಟ ತನ್ನ ಮಗನನ್ನು ಹಾಳುಮಾಡೀತೆಂದು ಹೆದರಿದ ತಂದೆಯೊಬ್ಬನಿಗೆ, ಹುಡುಗರು ಆಡಲಿ, ಹುಟ್ಟಿ ಬೆಳೆಯುವ ನಾಡಿನಲ್ಲಿ ಅವರು ಪರಕೀಯರಾಗದಿರಲಿ ಎಂದು ಉತ್ತರಿಸಿದರು. 1909ರಲ್ಲಿ ಪತ್ರಿಕೆ ಆ ಆಟದ ನಿಯಮಗಳನ್ನು ಮೈದಾನದ ನಕ್ಷೆ ಸಹಿತ ವಿವರಿಸಿತು. ಕರವಸ್ತ್ರದಂಥ ವಿಷಯಗಳನ್ನು ಸುದ್ದಿಯೆಂದು ಎಣಿಸುವುದಕ್ಕೆ ಆ ಕಾಲದಲ್ಲಿ ಧೈರ್ಯ ಬೇಕಿತ್ತು. ವಲಸಿಗನ ನಿಜವಾದ ಅಳುಕು ಇರುವುದು ಇಂಥ ಚಿಕ್ಕ ಸಂಗತಿಗಳಲ್ಲಿಯೇ ಎಂಬುದನ್ನು ಕಾಹನ್ ಸ್ವಂತ ಬದುಕಿನಿಂದ ಬಲ್ಲವರಾಗಿದ್ದರು.

ಈ ತಿಳಿವಳಿಕೆಯ ಅತ್ಯುತ್ತಮ ಫಲ 1906ರ ಜನವರಿಯಲ್ಲಿ ಆರಂಭವಾದ 'ಬಿಂಟೆಲ್ ಬ್ರೀಫ್' ಅಂಕಣ. ಓದುಗರು ತಮ್ಮ ಕಷ್ಟಸುಖಗಳನ್ನು ಬರೆದು ಕಳಿಸುವ, ಸಂಪಾದಕರು ಉತ್ತರ ಹೇಳುವ ಈ ಅಂಕಣದ ಹೆಸರಿಗೆ ಪತ್ರಗಳ ಕಟ್ಟು ಎಂದರ್ಥ. ಅದರ ತೀರ ಮೊದಲ ಪತ್ರಗಳಲ್ಲೊಂದು ಒಬ್ಬ ಬಡ ತಾಯಿಯದು. ಕೆಲಸವಿಲ್ಲದ ದಿನಗಳಲ್ಲಿ ಗಿರವಿಯಿಟ್ಟು ಮನೆ ನಡೆಸಲು ಆಸರೆಯಾಗಿದ್ದ ಗಡಿಯಾರ ಕಳುವಾಗಿದೆ. ಕದ್ದವಳು ನೆರೆಮನೆಯ ಗೆಳತಿಯೇ ಎಂದು ಆಕೆಗೆ ಅನುಮಾನ. ಆಕೆ ದೂರು ಕೊಡುವುದಿಲ್ಲ, ಬೈಯುವುದೂ ಇಲ್ಲ; ಪತ್ರಿಕೆಯ ಮೂಲಕ ಗೆಳತಿಯನ್ನೇ ಉದ್ದೇಶಿಸಿ, ಗಿರವಿ ಚೀಟಿಯನ್ನು ಅಂಚೆಯಲ್ಲಿ ಹಾಕಿದರೆ ಸಾಕು, ಹಿಂದಿನಂತೆಯೇ ಸ್ನೇಹದಿಂದಿರೋಣ ಎಂದು ಕೇಳಿಕೊಳ್ಳುತ್ತಾಳೆ. ಕದಿಯುವವಳೂ ತನ್ನಷ್ಟೇ ಬಡವಳೆಂಬ ಅರಿವು, ಮುಖಾಮುಖಿ ಕೇಳಿದರೆ ಸಂಬಂಧವೇ ಮುರಿದೀತೆಂಬ ಭಯ, ಹೆಸರು ಹೇಳದೆ ಮಾನ ಉಳಿಸುವ ಸೂಕ್ಷ್ಮ, ಇವೆಲ್ಲ ಆ ಒಂದು ಬೇಡಿಕೆಯಲ್ಲಿ ಸೇರಿಕೊಂಡಿವೆ. ವಠಾರದ ಬಡತನವನ್ನು ರೀಸ್ ಅವರ ಮೆಗ್ನೀಸಿಯಂ ಬೆಳಕು ಕತ್ತಲೆ ಕೋಣೆಗಳಲ್ಲಿ ಹಿಡಿದುಕೊಟ್ಟಿತು ನಿಜ. ಆದರೆ ಬಡತನದೊಳಗಿನ ಈ ನಾಜೂಕು ವ್ಯವಹಾರ ಯಾವ ಛಾಯಾಚಿತ್ರಕ್ಕೂ ಸಿಗುವಂಥದ್ದಲ್ಲ. ಕಾಹನ್ ಅವರ ಪ್ರತಿಭೆ ಇಲ್ಲಿ ಬರೆಯುವುದರಲ್ಲಿಲ್ಲ, ಮುದ್ರಣಯೋಗ್ಯವಾದದ್ದು ಯಾವುದೆಂದು ಗುರುತಿಸುವುದರಲ್ಲಿದೆ.

ಉತ್ತರಗಳ ವಿಷಯ ಬೇರೆ. ಗಲ್ಲದಲ್ಲಿ ಗುಳಿಯಿರುವವರ ಮೊದಲ ಸಂಗಾತಿ ಬೇಗ ಸಾಯುತ್ತಾರೆಂಬ ನಂಬಿಕೆಯಿಂದ ತಾನು ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲು ಹೆದರಿದ ಯುವಕನೊಬ್ಬನಿಗೆ ಸಿಕ್ಕ ಉತ್ತರ ಪ್ರಸಿದ್ಧವಾಗಿದೆ: ಗುಳಿಯಿರುವುದು ದುರಂತವಲ್ಲ, ಕೆಲವರ ತಲೆ ಸರಿಯಿಲ್ಲದಿರುವುದೇ ದುರಂತ. ಚುರುಕಾದ ಉತ್ತರವೇ ಸರಿ. ಆದರೂ ಅದನ್ನು ಓದಿದಾಗ, ಊರಲ್ಲಿ ಬಿಟ್ಟುಬಂದ ಹಿರಿಯರ ನಂಬಿಕೆಗೂ ಹೊಸ ನಗರದ ಪ್ರೀತಿಗೂ ನಡುವೆ ಸಿಕ್ಕಿಬಿದ್ದ ಆ ಯುವಕನ ಭಯವನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲವೆಂಬ ಭಾವ ಉಳಿಯುತ್ತದೆ. ಸಂಪಾದಕರಿಗೆ ಯಾವಾಗಲೂ ಉತ್ತರ ಗೊತ್ತಿದೆ. ಆ ಉತ್ತರ ಹೆಚ್ಚಾಗಿ ವಿವೇಕ, ಸಂಯಮ ಮತ್ತು ಅಮೆರಿಕದ ರೀತಿನೀತಿಗಳ ಕಡೆಗೇ ಬೆರಳು ತೋರಿಸುತ್ತದೆ. ಹೆಂಡತಿ ಮಕ್ಕಳನ್ನು ತೊರೆದು ಕಣ್ಮರೆಯಾದ ಗಂಡಂದಿರ ಭಾವಚಿತ್ರಗಳನ್ನು ಸಾಲಾಗಿ ಮುದ್ರಿಸಿ ಹುಡುಕಿಸಿದ ಪತ್ರಿಕೆಯ ಕ್ರಮ, ಕೈಬಿಡಲ್ಪಟ್ಟ ಹೆಂಗಸರಿಗೆ ಬೇರೆಲ್ಲೂ ಸಿಗದಿದ್ದ ಬಲವನ್ನು ಕೊಟ್ಟಿತೆಂಬುದನ್ನು ಮರೆಯಬಾರದು. ಪತ್ರಿಕೆಯ ನೈತಿಕ ಅಧಿಕಾರ ಅಲ್ಲಿ ಸಾರ್ಥಕವಾಗಿದೆ. ಅದೇ ಅಧಿಕಾರ ಮನಸ್ಸಿನ ಒಳತೋಟಿಗಳಿಗೆ ತೀರ್ಪು ಕೊಡಲು ಹೊರಟಾಗ ಮಾತ್ರ ಒರಟಾಗುತ್ತದೆ.

ಕುತೂಹಲದ ಸಂಗತಿಯೆಂದರೆ, ಸಂಪಾದಕ ಕಾಹನ್ ಮುಚ್ಚಿಬಿಟ್ಟ ಪ್ರಶ್ನೆಗಳನ್ನು ಕಾದಂಬರಿಕಾರ ಕಾಹನ್ ತೆರೆದೇ ಇಟ್ಟರು. 1896ರ 'ಯೆಕಲ್' ಎಂಬ ಕಿರು ಕಾದಂಬರಿಯಲ್ಲಿ ಅಮೆರಿಕದವನಾಗಿಬಿಟ್ಟೆನೆಂದು ಬೀಗುವ ಗಂಡ, ಊರಿನಿಂದ ಬಂದಿಳಿದ ಹೆಂಡತಿಯ ಉಡುಗೆ ನಡೆಗಳಿಗೆ ನಾಚಿ ಅವಳನ್ನು ಬಿಡುತ್ತಾನೆ; ಕೊನೆಗೆ ಸ್ವಾತಂತ್ರ್ಯ ಸಿಕ್ಕಂತೆ ಕಾಣುವುದು ಅವಳಿಗೆ. 1917ರ 'ದಿ ರೈಸ್ ಆಫ್ ಡೇವಿಡ್ ಲೆವಿನ್‌ಸ್ಕಿ'ಯ ನಾಯಕ ನಾಲ್ಕು ಸೆಂಟ್ ಜೇಬಿನಲ್ಲಿಟ್ಟುಕೊಂಡು ಬಂದು ಸಿದ್ಧ ಉಡುಪಿನ ಉದ್ಯಮದಲ್ಲಿ ಕೋಟ್ಯಧೀಶನಾಗುತ್ತಾನೆ, ಆದರೆ ಯೆಹೂದಿ ಧರ್ಮಗ್ರಂಥವಾದ ತಾಲ್ಮುಡ್ ಓದುತ್ತ ಕುಳಿತಿದ್ದ ಬಡ ಹುಡುಗನೇ ತನ್ನ ನಿಜವೆಂಬ ಕೊರಗು ಅವನನ್ನು ಬಿಡುವುದಿಲ್ಲ. ಅಂಕಣದಲ್ಲಿ ದಿನವೂ ಶಿಫಾರಸು ಮಾಡಿದ ಹಾದಿಯಲ್ಲೇ ನಡೆದು ಗೆದ್ದವನ ಕಥೆ ಇದು, ಮತ್ತು ಅವನು ಒಂಟಿ. ಈ ಕಾದಂಬರಿಯ ಮೊದಲ ರೂಪ 1913ರಲ್ಲಿ 'ಮೆಕ್ಲೂರ್ಸ್' ಮಾಸಪತ್ರಿಕೆಯಲ್ಲಿ ಬಂದಾಗ, ಯೆಹೂದಿಗಳು ಅಮೆರಿಕದ ವ್ಯಾಪಾರವನ್ನು ಆಕ್ರಮಿಸುತ್ತಿದ್ದಾರೆಂಬ ಧಾಟಿಯ ಲೇಖನವನ್ನೂ ಅದೇ ಪತ್ರಿಕೆ ಪ್ರಕಟಿಸಿತ್ತು. ಹೊರಗಿನವರಿಗೆ ಒಳಮನೆ ತೋರಿಸುವ ಕೆಲಸದಲ್ಲಿರುವ ಅಪಾಯ ಇದು. ಬರೆದವನ ಆತ್ಮವಿಮರ್ಶೆ ಓದುವವನ ಪೂರ್ವಗ್ರಹಕ್ಕೆ ಪುರಾವೆಯಾಗಿಬಿಡುತ್ತದೆ. ಕಾಹನ್ ಈ ಅಪಾಯವನ್ನು ತಿಳಿದೂ ಕಥೆಯನ್ನು ಸಿಹಿಗೊಳಿಸದೆ ಬೆಳೆಸಿ ಪೂರ್ಣ ಕಾದಂಬರಿಯಾಗಿಸಿದ್ದು ಅವರ ಬರವಣಿಗೆಯ ಅತಿ ಪ್ರಾಮಾಣಿಕ ಕ್ಷಣವೆನ್ನಬೇಕು.

1920ರ ದಶಕದಲ್ಲಿ 'ಫಾರ್ವರ್ಟ್ಸ್'ನ ಪ್ರಸಾರ ಎರಡೂವರೆ ಲಕ್ಷ ಪ್ರತಿಗಳ ಆಸುಪಾಸಿಗೆ ಏರಿತ್ತು. ಪೂರ್ವ ಮತ್ತು ದಕ್ಷಿಣ ಯುರೋಪಿನ ವಲಸೆಯನ್ನು ಕಟ್ಟುನಿಟ್ಟಾಗಿ ಮೊಟಕುಗೊಳಿಸಿದ 1924ರ ಕಾನೂನು ಹೊಸ ಓದುಗರ ಹರಿವನ್ನು ನಿಲ್ಲಿಸಿತು. ಮಕ್ಕಳು ಇಂಗ್ಲಿಷ್ ಪತ್ರಿಕೆಗಳತ್ತ ಹೋದರು. ಅಮೆರಿಕದವರಾಗಿರೆಂದು ಓದುಗರಿಗೆ ಕಲಿಸಿದ ಪತ್ರಿಕೆ ತನ್ನ ಮುಂದಿನ ತಲೆಮಾರನ್ನು ತಾನೇ ಬೇರೆಡೆಗೆ ಕಳುಹಿಸಿಕೊಟ್ಟಿತೆಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ, ಆದರೆ ಕಾನೂನಿನ ಪಾಲನ್ನು ಅದು ಕಡೆಗಣಿಸುತ್ತದೆ. ಕೊನೆಯ ವರ್ಷಗಳ ಕಾಹನ್ ಅವರನ್ನು ಸಮರ್ಥಿಸುವುದು ಹೆಚ್ಚು ಕಷ್ಟ. ಪತ್ರಿಕೆಯ ಬಹುಜನಪ್ರಿಯ ಲೇಖಕ ಶೋಲೆಮ್ ಆಶ್ ಯೇಸುವಿನ ಬದುಕನ್ನು ಕುರಿತು ಬರೆದ ಕಾದಂಬರಿಯನ್ನು ಪ್ರಕಟಿಸಲು ನಿರಾಕರಿಸಿದ್ದು ಸಂಪಾದಕರ ಹಕ್ಕು. ಅಷ್ಟಕ್ಕೆ ನಿಲ್ಲದೆ, ನಾಜಿಗಳ ಹಿಂಸೆಯ ನಡುವೆ ಯೆಹೂದಿಗಳಿಗೆ ಬಗೆದ ದ್ರೋಹವೆಂಬಂತೆ ಆ ಲೇಖಕರ ವಿರುದ್ಧ ನಡೆಸಿದ ದೀರ್ಘ ಅಭಿಯಾನದಲ್ಲಿ, ನೆರೆಯವಳ ಮಾನ ಕಾಯುವ ಪತ್ರವನ್ನು ಆರಿಸಿ ಅಚ್ಚು ಹಾಕಿದ ಕೈ ಎಲ್ಲೂ ಕಾಣಿಸುವುದಿಲ್ಲ. ಅದೇ ಹೊತ್ತಿನಲ್ಲಿ, ಮುಂದೆ 1978ರಲ್ಲಿ ನೊಬೆಲ್ ಪಡೆದ ಐಸಾಕ್ ಬಾಷೆವಿಸ್ ಸಿಂಗರ್ ಅವರಿಗೆ ಅನ್ನವನ್ನೂ ಪುಟಗಳನ್ನೂ ಕೊಟ್ಟದ್ದು ಇದೇ ಪತ್ರಿಕೆಯೆಂಬುದೂ ಲೆಕ್ಕಕ್ಕೆ ಬರಬೇಕು.

1951ರಲ್ಲಿ ತೀರಿಕೊಂಡ ಕಾಹನ್ ಅವರನ್ನು ಇಂದಿನ ಬಹುತೇಕ ಓದುಗರು ತಲುಪುವುದು ಇಂಗ್ಲಿಷ್ ಮೂಲಕ: ಎರಡು ಕಾದಂಬರಿಗಳು, ಮೋಸೆಸ್ ರಿಶಿನ್ ಸಂಪಾದಿಸಿದ 'ಕಮರ್ಷಿಯಲ್ ಅಡ್ವರ್ಟೈಸರ್' ಕಾಲದ ಬರಹಗಳು, ಮತ್ತು ಐಸಾಕ್ ಮೆಟ್ಸ್‌ಕರ್ ಆರಿಸಿ 1971ರಲ್ಲಿ ಹೊರತಂದ ಅಂಕಣದ ಪತ್ರಗಳು. ಪತ್ರಗಳನ್ನು ಪತ್ರಿಕೆಯ ಸಿಬ್ಬಂದಿ ಮೊದಲೇ ತಿದ್ದಿದ್ದರು, ಬರೆಯಲು ಬಾರದವರ ಪರವಾಗಿ ಬೇರೆಯವರು ಬರೆದುಕೊಟ್ಟದ್ದೂ ಉಂಟು. ಹೀಗಾಗಿ ಅವನ್ನು ವಲಸಿಗರ ನೇರ ದನಿಯೆಂದು ಓದುವ ರೂಢಿ ಸರಿಯಲ್ಲ. ಯಿಡ್ಡಿಷ್‌ನಲ್ಲಿ ಐದು ಸಂಪುಟಗಳಾಗಿ ಬಂದ ಅವರ ಆತ್ಮಕಥೆಯನ್ನೂ 'ಫಾರ್ವರ್ಟ್ಸ್'ನ ಹಳೆಯ ಪುಟಗಳನ್ನೂ ಈ ಪತ್ರಗಳ ಪಕ್ಕದಲ್ಲಿಟ್ಟು ಓದಿದಾಗಲೇ, ಯಾವ ವಾಕ್ಯ ವಠಾರದ್ದು, ಯಾವುದು ಸಂಪಾದಕರದ್ದು ಎಂಬುದನ್ನು ಬೇರ್ಪಡಿಸುವ ಕೆಲಸ ಶುರುವಾಗಬಲ್ಲದು.